ಬಾಣಂತಿ ಸನ್ನಿಯೂ ನಮ್ಮ ಬಾಣಂತನದ ರೂಢಿಗಳೂ

ಹೆರಿಗೆಯಾದ ಮನೆಯಲ್ಲಿ ಐದನೆಯ ದಿನವೋ ಏಳನೆಯ ದಿನವೋ ಮನೆಯ ಹಿರಿಯಳು ಕೋಣೆಯಿಂದ ಹೊರಗೆ ಬಂದು, ದನಿ ತಗ್ಗಿಸಿ, “ಹುಡುಗಿ ಎರಡು ರಾತ್ರಿ ಆತು, ಕಣ್ಣು ಮುಚ್ಚಿಲ್ಲ. ಏನೇನೋ ಮಾತಾಡಾಕತ್ತಾಳ” ಎನ್ನುತ್ತಾಳೆ. ಕೇಳಿದವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಅಷ್ಟರಲ್ಲಿ ಯಾರದೋ ಬಾಯಿಂದ “ಸನ್ನಿ” ಎಂಬ ಮಾತು ಬರುತ್ತದೆ, ಇಲ್ಲವೇ “ಗಾಳಿ” ಎಂಬ ಮಾತು ಬರುತ್ತದೆ. ಈ ಎರಡರಲ್ಲಿ ಯಾವುದನ್ನು ಮನೆಯವರು ನಂಬಿದರು ಎಂಬುದರ ಮೇಲೆ ಮುಂದಿನ ಕೆಲವು ವಾರಗಳಲ್ಲಿ ಆ ತಾಯಿ ಮತ್ತು ಕೂಸಿನ ಸ್ಥಿತಿ ಬಹುಮಟ್ಟಿಗೆ ನಿಂತಿರುತ್ತದೆ. ಹೆರಿಗೆಯ ನಂತರ ಬರುವ ತೀವ್ರ ಮನೋವಿಕಾರವನ್ನೂ, ಅದರ ಮೇಲೆ ನಮ್ಮ ಮನೆತನದ ರೂಢಿಗಳು ಬೀರುವ ಪ್ರಭಾವವನ್ನೂ ಶ್ರೀಮಠದ ಸದ್ಭಕ್ತರ ಮುಂದೆ ಇಡಬೇಕೆಂಬುದು ಈ ಲೇಖನದ ಉದ್ದೇಶ.

‘ಸನ್ನಿ’ ಎಂಬುದು ‘ಸನ್ನಿಪಾತ’ ಶಬ್ದದ ತದ್ಭವ. ವಾತ, ಪಿತ್ತ, ಕಫಗಳು ಮೂರೂ ಒಮ್ಮೆಗೇ ಕೆರಳಿ, ರೋಗಿ ಜ್ವರದಲ್ಲಿ ಬಡಬಡಿಸುವ ಸ್ಥಿತಿಗೆ ಆಯುರ್ವೇದವು ಕೊಟ್ಟ ಹೆಸರು ಅದು. ನಮ್ಮ ಜನ ಅದಕ್ಕೆ ‘ಬಾಣಂತಿ’ಯನ್ನು ಸೇರಿಸಿ ‘ಬಾಣಂತಿ ಸನ್ನಿ’ ಎಂದರು. ಇದನ್ನು ಹಳೆಯ ಕಾಲದ ಅಜ್ಞಾನದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಹೆತ್ತ ಕೆಲವೇ ದಿನಗಳಲ್ಲಿ, ಅದುವರೆಗೆ ಚೆನ್ನಾಗಿಯೇ ಇದ್ದ ಹೆಣ್ಣುಮಗಳ ಚಿತ್ತ ಥಟ್ಟನೆ ಕದಡಬಲ್ಲದು, ಅದು ದೇಹಕ್ಕೆ ಸಂಬಂಧಿಸಿದ ರೋಗ ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇದೆ. ‘ಗಾಳಿ’ ಎಂಬ ಮಾತಿನಲ್ಲಿ ಆ ತಿಳಿವಳಿಕೆ ಇಲ್ಲ.

ಮೊದಲು ಮೂರು ಅವಸ್ಥೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಹೆತ್ತ ಮೂರು-ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು, ಸಣ್ಣ ಮಾತಿಗೆ ಮನಸ್ಸು ನೋಯುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಕಾಣುತ್ತದೆ. ಎರಡು ವಾರದೊಳಗೆ ಅದು ತಾನಾಗಿಯೇ ಇಳಿಯುತ್ತದೆ, ಔಷಧ ಬೇಕಿಲ್ಲ. ಎರಡನೆಯದು ಬಾಣಂತಿಯ ಖಿನ್ನತೆ. ಇದು ವಾರಗಟ್ಟಲೆ ಉಳಿಯುವ ಬೇಗುದಿ. ಭಾರತದಲ್ಲಿ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಇದು ಬರುತ್ತದೆ. ಮೂರನೆಯದೇ ನಮ್ಮ ಇಂದಿನ ವಿಷಯವಾದ ಬಾಣಂತಿಯ ಚಿತ್ತವಿಕಾರ. ಸಾವಿರ ಹೆರಿಗೆಗಳಿಗೆ ಒಂದೋ ಎರಡೋ ಎಂಬಷ್ಟು ವಿರಳ. ಆದರೆ ಮೂರರಲ್ಲಿ ಅತ್ಯಂತ ತೀವ್ರವಾದದ್ದೂ, ಅತ್ಯಂತ ವೇಗವಾಗಿ ಏರುವಂಥದ್ದೂ ಇದೇ.

ಬಹುತೇಕ ಪ್ರಸಂಗಗಳಲ್ಲಿ ಇದು ಹೆತ್ತ ಎರಡು ವಾರಗಳೊಳಗೆ ಆರಂಭವಾಗುತ್ತದೆ. ಮೊದಲ ಸೂಚನೆ ನಿದ್ರಾಹೀನತೆ. ಕೂಸು ಅತ್ತು ಎಬ್ಬಿಸುವುದರಿಂದ ಆಗುವ ನಿದ್ರಾಭಂಗ ಬೇರೆ. ಇಲ್ಲಿ ಕೂಸು ಮಲಗಿದ್ದರೂ, ಮನೆಯೆಲ್ಲ ಮಲಗಿದ್ದರೂ ತಾಯಿಗೆ ಕಣ್ಣು ಹತ್ತುವುದಿಲ್ಲ, ಮತ್ತು ನಿದ್ರೆ ಬೇಕು ಎಂದು ಆಕೆಗೆ ಅನ್ನಿಸುವುದೂ ಇಲ್ಲ. ನಂತರ ಚಡಪಡಿಕೆ, ಎಡೆಬಿಡದ ಮಾತು, ಒಮ್ಮೆ ನಗು ಒಮ್ಮೆ ಅಳು, ಯಾರನ್ನೂ ನಂಬದಿರುವುದು, ಯಾರೂ ಇಲ್ಲದಾಗ ದನಿಗಳು ಕೇಳಿಸುವುದು. ಇಂದು ಯಾವ ದಿನ, ಎದುರಿಗೆ ಇರುವವರು ಯಾರು ಎಂಬುದೂ ಕೆಲವೊಮ್ಮೆ ಮಸುಕಾಗುತ್ತದೆ. ಬೆಳಿಗ್ಗೆ ಸರಿಯಾಗಿ ಮಾತನಾಡಿದವಳು ಸಂಜೆಗೆ ಗುರುತು ಹಿಡಿಯದವಳಂತೆ ಇರುತ್ತಾಳೆ. ಹೀಗೆ ಗಳಿಗೆಗೊಂದು ರೂಪ ತಾಳುವುದು ಈ ರೋಗದ ಸ್ವಭಾವ. ಬೆಳಗಿನ ಆ ಒಂದು ಗಂಟೆಯನ್ನು ನೋಡಿ ಮನೆಯವರು “ಕಡಿಮೆ ಆತು” ಎಂದು ಸಮಾಧಾನ ಪಡುವುದೇ ಅನೇಕ ಕಡೆ ತಡವಾಗಲು ಕಾರಣ.

ಈ ರೋಗ ಹೊಸದಲ್ಲ, ನಮ್ಮ ನಾಡಿನದು ಮಾತ್ರವೂ ಅಲ್ಲ. ಸುಮಾರು 2400 ವರ್ಷಗಳ ಹಿಂದೆ ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದ ಗ್ರಂಥಗಳಲ್ಲಿ ಸಿಜಿಕಸ್ ಎಂಬ ಊರಿನ ಒಬ್ಬ ತಾಯಿಯ ವೃತ್ತಾಂತವಿದೆ. ಕಷ್ಟದ ಹೆರಿಗೆಯಲ್ಲಿ ಆಕೆ ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು. ಮೊದಲ ದಿನದಿಂದಲೇ ಜ್ವರ, ನಿದ್ರೆಯಿಲ್ಲ, ಮಾತಿಲ್ಲ, ಸಿಡುಕು. ಕೆಲವು ದಿನಗಳಲ್ಲಿ ಬುದ್ಧಿ ಅಲೆದಾಡತೊಡಗಿತು, ಹದಿನೇಳನೆಯ ದಿನ ತೀರಿಕೊಂಡಳು. ನಿದ್ರೆ ಇಲ್ಲದ್ದನ್ನು ಆ ವೈದ್ಯ ಮರೆಯದೆ ಬರೆದಿಟ್ಟಿದ್ದಾನೆ. ಫ್ರಾನ್ಸಿನ ಲೂಯಿ ವಿಕ್ತೊರ್ ಮಾರ್ಸೆ ಎಂಬ ವೈದ್ಯರು ಗರ್ಭಿಣಿ ಮತ್ತು ಬಾಣಂತಿಯರ ಚಿತ್ತವಿಕಾರ ಕುರಿತೇ ಒಂದು ದೊಡ್ಡ ಗ್ರಂಥವನ್ನು 1858ರಲ್ಲಿ ಪ್ರಕಟಿಸಿದರು. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ನಗರದ ಅಧ್ಯಯನವೊಂದು 54,087 ಹೆರಿಗೆಗಳ ದಾಖಲೆಯನ್ನು ಪರಿಶೀಲಿಸಿತು. ಹೆತ್ತ ಮೊದಲ 30 ದಿನಗಳಲ್ಲಿ ತೀವ್ರ ಚಿತ್ತವಿಕಾರದಿಂದ ಆಸ್ಪತ್ರೆ ಸೇರುವ ಸಂಭವ, ಗರ್ಭ ಧರಿಸುವ ಮೊದಲಿನ ಕಾಲಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಎಂದು ಅದರಿಂದ ತಿಳಿದುಬಂತು. ಹೆಣ್ಣಿನ ಬಾಳಿನಲ್ಲಿ ಮತ್ತಾವ ತಿಂಗಳೂ ಇಷ್ಟು ಅಪಾಯದ್ದಲ್ಲ.

ಕಾರಣಗಳೇನು? ಹೆತ್ತ ಒಂದೆರಡು ದಿನಗಳಲ್ಲಿ ದೇಹದ ರಸದೂತಗಳ, ಅಂದರೆ ಹಾರ್ಮೋನುಗಳ ಮಟ್ಟ ಏಕಾಏಕಿ ಕುಸಿಯುತ್ತದೆ. ಅದೇ ಹೊತ್ತಿಗೆ ನಿದ್ರೆ ಕೆಡುತ್ತದೆ. ಎಲ್ಲ ತಾಯಂದಿರಿಗೂ ಇವೆರಡೂ ಇವೆ. ಆದರೆ ಮಿದುಳಿನ ಪ್ರಕೃತಿಯೇ ಸೂಕ್ಷ್ಮವಾಗಿರುವ ಕೆಲವರಲ್ಲಿ ಅದು ರೋಗವನ್ನು ಹೊತ್ತಿಸುತ್ತದೆ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ‘ಬೈಪೋಲಾರ್’ ಕಾಯಿಲೆ ಇರುವ ಹೆಣ್ಣುಮಕ್ಕಳಲ್ಲಿ ಸುಮಾರು ಐವರಿಗೊಬ್ಬರಂತೆ ಇದು ಕಾಣಿಸಿಕೊಳ್ಳುತ್ತದೆ. ಅಕ್ಕ-ತಂಗಿಯರಲ್ಲಿ, ಹಡೆದ ತಾಯಿಯಲ್ಲಿ ಈ ರೋಗ ಬಂದಿದ್ದರೆ ಸಂಭವ ಹೆಚ್ಚು. ಮೊದಲ ಹೆರಿಗೆಯಲ್ಲಿಯೇ ಹೆಚ್ಚು. ಆದರೂ ರೋಗ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಹಿಂದೆ ಯಾವ ಮನೋರೋಗವೂ ಇರುವುದಿಲ್ಲ. ಆದ್ದರಿಂದ “ನಮ್ಮ ಮನೆತನದಾಗ ಇಂಥದ್ದು ಇಲ್ಲ” ಎಂಬ ಮಾತು ರಕ್ಷೆಯಾಗದು.

ಹಾಗಾದರೆ ಸಂಸ್ಕೃತಿಯ ಪಾತ್ರವೆಲ್ಲಿ? ಬೇರೆ ಬೇರೆ ದೇಶ, ಆಚಾರ, ಆಹಾರಗಳಿದ್ದರೂ ಈ ರೋಗದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇದೆ. ಲಂಡನ್ನಿನಲ್ಲಿ ಬಾಳೆಲ್ಲ ಇದೇ ವಿಷಯವನ್ನು ಅಭ್ಯಾಸ ಮಾಡಿದ ಭಾರತೀಯ ಮೂಲದ ಮನೋವೈದ್ಯ ಚನ್ನಿ ಕುಮಾರ್ ಅವರು 1994ರ ಲೇಖನವೊಂದರಲ್ಲಿ ಇದನ್ನು ಎತ್ತಿ ತೋರಿಸಿದರು. ಅಂದರೆ ರೋಗದ ಮೂಲ ಬೀಜ ದೇಹದಲ್ಲಿದೆ. ಆದರೆ ಅದು ಯಾವ ರೂಪದಲ್ಲಿ ಕಾಣುತ್ತದೆ, ಮನೆಯವರು ಅದಕ್ಕೆ ಏನೆಂದು ಹೆಸರಿಡುತ್ತಾರೆ, ಎಷ್ಟು ದಿನ ಕಳೆದು ಯಾರ ಬಳಿಗೆ ಒಯ್ಯುತ್ತಾರೆ, ಗುಣವಾದ ಮೇಲೆ ಆಕೆಯ ಸಂಸಾರ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನೆಲ್ಲ ತೀರ್ಮಾನಿಸುವುದು ನಮ್ಮ ರೀತಿ-ರಿವಾಜು.

ನಮ್ಮ ಭಾಗದ ಬಾಣಂತನದ ಗುಣವನ್ನು ಮೊದಲು ಹೇಳೋಣ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಹೆಣ್ಣುಮಗಳನ್ನು ತವರಿಗೆ ಕರೆತರುತ್ತಾರೆ. ಹೆತ್ತ ಮೇಲೆ ತಿಂಗಳುಗಟ್ಟಲೆ ಒಲೆಯ ಕೆಲಸವಿಲ್ಲ, ಹೊಲದ ಕೆಲಸವಿಲ್ಲ. ಎಣ್ಣೆ ತಿಕ್ಕಿ ಎರೆಯುತ್ತಾರೆ, ಅಂಟಿನ ಉಂಡೆ ತಿನ್ನಿಸುತ್ತಾರೆ, ಅಳ್ವಿ ಪಾಯಸ ಕುಡಿಸುತ್ತಾರೆ. ಹಡೆದವ್ವ ಹಗಲು ರಾತ್ರಿ ಪಕ್ಕದಲ್ಲಿರುತ್ತಾಳೆ. ಇಂಥ ಆರೈಕೆ ಇರುವ ಸಮಾಜಗಳಲ್ಲಿ ತಾಯಿಯ ಮನಸ್ಸಿಗೆ ರಕ್ಷಣೆ ದೊರೆಯಬಹುದೆಂದು 1983ರಲ್ಲಿ ಸ್ಟರ್ನ್ ಮತ್ತು ಕ್ರಕ್‌ಮನ್ ಎಂಬ ಇಬ್ಬರು ಮಾನವಶಾಸ್ತ್ರಜ್ಞರು ವಾದಿಸಿದರು. ಆ ಮೇಲಿನ ಅಧ್ಯಯನಗಳು ಇದನ್ನು ಪೂರ್ತಿ ಒಪ್ಪಲಿಲ್ಲ. ಪಕ್ಕದಲ್ಲಿ ಜನರಿದ್ದರೆ ಸಾಲದು, ಅವರ ಮನಸ್ಸು ಹೇಗಿದೆ ಎಂಬುದೇ ಮುಖ್ಯ ಎಂದು ಕಂಡುಬಂತು.

ಇದಕ್ಕೆ ನೆರೆಯ ರಾಜ್ಯಗಳಿಂದಲೇ ಎರಡು ನಿದರ್ಶನಗಳಿವೆ. ಗೋವೆಯಲ್ಲಿ ವಿಕ್ರಮ ಪಟೇಲರೂ ಅವರ ಸಂಗಡಿಗರೂ 270 ತಾಯಂದಿರನ್ನು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಡತನ ಮತ್ತು ಗಂಡನೊಡನೆ ಹೊಂದಾಣಿಕೆಯಿಲ್ಲದ ಬದುಕಿನಿಂದ ಬರುವ ಖಿನ್ನತೆಯ ಅಪಾಯವನ್ನು ಹುಟ್ಟಿದ ಕೂಸು ಹೆಣ್ಣು ಎಂಬುದು ಇನ್ನಷ್ಟು ಹೆಚ್ಚಿಸುತ್ತದೆ ಎಂದು ಕಂಡಿತು. ಅದೇ ವರ್ಷ ತಮಿಳುನಾಡಿನ ವೆಲ್ಲೂರು ಬಳಿಯ ಹಳ್ಳಿಗಳಿಂದ ಬಂದ ವರದಿಯೂ ಕಡಿಮೆ ವರಮಾನ, ಗಂಡು ಬಯಸಿದಾಗ ಹೆಣ್ಣು ಹುಟ್ಟುವುದು, ಅತ್ತೆಯೊಡನೆ ಮತ್ತು ತಂದೆ-ತಾಯಿಗಳೊಡನೆ ವಿರಸ, ಕೈಗೆ ಆಸರೆಯಿಲ್ಲದಿರುವುದು ಇವನ್ನೇ ಕಾರಣಗಳೆಂದು ಹೇಳಿತು. ಇವೆರಡೂ ಖಿನ್ನತೆಯ ಅಧ್ಯಯನಗಳು. ತೀವ್ರ ಚಿತ್ತವಿಕಾರಕ್ಕೆ ಹೆಣ್ಣುಕೂಸು ಕಾರಣವಲ್ಲ. ಆದರೆ ರೋಗ ಹತ್ತಿದ ತಾಯಿಯ ಬಡಬಡಿಕೆಯಲ್ಲಿ ಕೇಳಿಬರುವುದು ಬಹಳ ಸಲ ಮನೆಯಲ್ಲಿ ಆಕೆ ಕೇಳಿಸಿಕೊಂಡ ಮಾತೇ. “ಮತ್ತ ಹೆಣ್ಣ ಆತಲ್ಲ” ಎಂದು ಹೆರಿಗೆ ಕೋಣೆಯ ಬಾಗಿಲಲ್ಲಿ ಯಾರೋ ಆಡಿದ ಮಾತು ವಾರದ ನಂತರ, ಕೂಸನ್ನು ಯಾರೋ ಒಯ್ದುಬಿಡುತ್ತಾರೆ ಎಂಬ ಭಯವಾಗಿ ಆಕೆಯ ಬಾಯಲ್ಲಿ ಬರಬಹುದು.

ಇನ್ನು ದೋಷಗಳ ಮಾತು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕೊಡುವುದಿಲ್ಲ. ಹೊರಸಿನ ಕೆಳಗೆ ಕೆಂಡದ ಶೇಕ, ತಲೆಗೆ ಬಿಗಿದ ಬಟ್ಟೆ, ಕಿವಿಗೆ ಅರಳೆ, ಮುಚ್ಚಿದ ಕಿಟಕಿ. ಮೈಯಿಂದ ಬೆವರು ಇಳಿಯುತ್ತದೆ, ಎದೆಯಿಂದ ಹಾಲು ಹೋಗುತ್ತದೆ, ಒಳಗೆ ನೀರು ಸೇರುವುದಿಲ್ಲ. ಹೆತ್ತ ಮೊದಲ ವಾರಗಳಲ್ಲಿ ರಕ್ತಕ್ಕೆ ಸ್ವಭಾವತಃ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನೀರಿಲ್ಲದೆ ರಕ್ತ ಇನ್ನೂ ಗಟ್ಟಿಯಾದಾಗ ಮಿದುಳಿನಿಂದ ರಕ್ತವನ್ನು ಹೊರಗೆ ತರುವ ಸಿರೆಗಳಲ್ಲಿ ಹೆಪ್ಪು ಕಟ್ಟಬಹುದು. ತಡೆಯಲಾಗದ ತಲೆನೋವು, ವಾಂತಿ, ಸೆಟೆತ, ಒಂದು ಕೈಯೋ ಕಾಲೋ ಸ್ವಾಧೀನ ತಪ್ಪುವುದು, ಜೊತೆಗೆ ಗಲಿಬಿಲಿಯ ಮಾತು ಅದರ ಲಕ್ಷಣಗಳು. ಭಾರತದ ನರರೋಗ ತಜ್ಞರು ದಶಕಗಳಿಂದ ಇದರ ಬಗ್ಗೆ ಎಚ್ಚರಿಸುತ್ತ ಬಂದಿದ್ದಾರೆ. ಇದೂ ಮನೆಯವರ ಕಣ್ಣಿಗೆ ‘ಸನ್ನಿ’ಯೇ. ಗರ್ಭಕೋಶದ ನಂಜಿನಿಂದ ಏರಿದ ಜ್ವರ, ಹೆರಿಗೆಯ ನಂತರವೂ ಏರಿಯೇ ಉಳಿದ ರಕ್ತದೊತ್ತಡ, ಥೈರಾಯ್ಡ್ ಗ್ರಂಥಿಯ ಏರುಪೇರು ಇವೂ ಬುದ್ಧಿಯನ್ನು ಕದಡುತ್ತವೆ. ಆದ್ದರಿಂದಲೇ ಚಿತ್ತ ಕದಡಿದ ಬಾಣಂತಿಯನ್ನು ಮೊದಲು ಎಲ್ಲ ಪರೀಕ್ಷೆಗಳೂ ಆಗುವ ಆಸ್ಪತ್ರೆಗೇ ಒಯ್ಯಬೇಕು. ಬಾಯಾರಿದಾಗಲೆಲ್ಲ ಕಾಯಿಸಿ ಆರಿಸಿದ ನೀರನ್ನು ಧಾರಾಳವಾಗಿ ಕೊಡುವುದರಿಂದ ಯಾವ ಬಾಣಂತಿಯ ಹೊಟ್ಟೆಯೂ ಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಂತೂ ತಾಯಿ-ಕೂಸು ಇಬ್ಬರ ಉಸಿರಿಗೂ ಅಪಾಯ.

ನಿದ್ರೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಐದನೆಯ ದಿನ ಸಟವಿಯ ಪೂಜೆ, ಆ ರಾತ್ರಿ ಹಣೆಬರಹ ಬರೆಯಲು ದೇವತೆ ಬರುತ್ತಾಳೆಂಬ ನಂಬಿಕೆ. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ತೊಟ್ಟಿಲ ಕಾರ್ಯ. ಗಂಡನ ಮನೆಯಿಂದ ಬಂಧುಗಳು ಬರುತ್ತಾರೆ, ಬಾಣಂತಿ ಹೊಸ ಸೀರೆಯುಟ್ಟು ಮಧ್ಯಾಹ್ನದವರೆಗೆ ಕುಳಿತಿರಬೇಕು. ರೋಗ ತಲೆಯೆತ್ತುವುದೂ ಸರಿಯಾಗಿ ಈ ಎರಡು ವಾರಗಳಲ್ಲಿಯೇ. ಹಬ್ಬ ಬೇಡವೆಂದು ನಾನು ಹೇಳುವುದಿಲ್ಲ. ಹೆಣ್ಣುಮಗಳು ಎರಡು ರಾತ್ರಿ ಮಲಗಿಲ್ಲವೆಂದರೆ ತೊಟ್ಟಿಲನ್ನು ತಿಂಗಳಿಗೆ ಮುಂದೂಡಿರಿ ಎನ್ನುತ್ತೇನೆ. ಬೀಗರು ಏನನ್ನುತ್ತಾರೋ ಎಂಬ ಅಂಜಿಕೆಯಿಂದ ಮುಂದೂಡದವರೇ ಹೆಚ್ಚು. ರಾತ್ರಿ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು, ಅಜ್ಜಿಯೋ ಗಂಡನೋ ಕೂಸನ್ನು ನೋಡಿಕೊಂಡು, ತಾಯಿಗೆ ಐದಾರು ಗಂಟೆ ಎಡೆಬಿಡದ ನಿದ್ರೆ ದೊರಕಿಸಿಕೊಟ್ಟರೆ ಅದು ಔಷಧದಷ್ಟೇ ಬೆಲೆಯುಳ್ಳದ್ದು. ಗಂಡನು ಬಾಣಂತಿಯ ಕೋಣೆಗೆ ಕಾಲಿಡಬಾರದೆಂಬ ಹಳೆಯ ಸಂಕೋಚವನ್ನು ಇಲ್ಲಿ ಬಿಡಬೇಕಾಗುತ್ತದೆ.

ಗಾಳಿ-ಸೋಂಕಿನ ನಂಬಿಕೆಯನ್ನು ಹಗುರವಾಗಿ ನೋಡುವಂತಿಲ್ಲ, ಏಕೆಂದರೆ ರೋಗಿಯ ಮಾತೇ ಅದಕ್ಕೆ ಆಧಾರವಾಗುತ್ತದೆ. “ಈ ಕೂಸು ನಂದಲ್ಲ, ಬದಲಿ ಮಾಡ್ಯಾರ”, “ಸತ್ತ ಕಾಕು ಮೂಲ್ಯಾಗ ನಿಂತಾಳ” ಎಂದು ಆಕೆ ಹೇಳುತ್ತಾಳೆ. ಭ್ರಾಂತಿಯು ತನ್ನ ವೇಷಕ್ಕೆ ಬೇಕಾದ ಬಟ್ಟೆಯನ್ನು ಮನೆಯ ಪೆಟ್ಟಿಗೆಯಿಂದಲೇ ತೆಗೆಯುತ್ತದೆ. ಮಾಟ ನಂಬುವ ಮನೆಯಲ್ಲಿ ಮಾಟ, ದೇವಿ ಮೈಮೇಲೆ ಬರುವ ಮನೆಯಲ್ಲಿ ದೇವಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನದಲ್ಲಿ ಇಂಥ ತಾಯಂದಿರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಯ ಭ್ರಾಂತಿಗಳು ಕೂಸನ್ನೇ ಸುತ್ತಿಕೊಂಡಿದ್ದವು. ಕೂಸಿಗೆ ಯಾರೋ ಕೇಡು ಬಗೆಯುತ್ತಾರೆ, ಕೂಸು ದೇವರ ಅಂಶ, ಕೂಸು ಪಿಶಾಚಿ ಹೀಗೆಲ್ಲ. ಇನ್ನು ಕೆಲವರು ಮಾತೇ ಆಡದೆ, ಕಣ್ಣು ಮಿಟುಕಿಸದೆ, ಬಾಯಲ್ಲಿ ಇಟ್ಟ ಅನ್ನವನ್ನು ನುಂಗದೆ ಕಲ್ಲಿನಂತೆ ಕುಳಿತುಬಿಡುತ್ತಾರೆ. ನಮ್ಮಲ್ಲಿ ಇದನ್ನು ದೆವ್ವ ಬಾಯಿ ಕಟ್ಟಿದೆ ಎನ್ನುತ್ತಾರೆ. ಇದೂ ಈ ರೋಗದ ಒಂದು ರೂಪ, ಚಿಕಿತ್ಸೆಗೆ ಬೇಗ ಮಣಿಯುವ ರೂಪ.

ಕೂಸಿನ ಬಗೆಗಿನ ಈ ಭ್ರಾಂತಿಯೇ ಅತ್ಯಂತ ಅಪಾಯದ್ದು. ರೋಗದ ಬಿರುಸಿನಲ್ಲಿರುವ ತಾಯಿ ತನಗೋ ಕೂಸಿಗೋ ಕೇಡು ಮಾಡಿಕೊಳ್ಳುವ ಸಂಭವವಿದೆ. ಬಹಳ ಸಲ ಅದು ಕೂಸನ್ನು ಯಾವುದೋ ದೊಡ್ಡ ಕೇಡಿನಿಂದ ಪಾರುಮಾಡುತ್ತೇನೆಂಬ ಪ್ರೀತಿಯ ಭ್ರಮೆಯಿಂದಲೇ ಆಗುತ್ತದೆ. ಹಾಗಾಗಿ ತಾಯಿಯನ್ನೂ ಕೂಸನ್ನೂ ಇಬ್ಬರನ್ನೇ ಬಿಡಕೂಡದು. ಬೈಯಬಾರದು, ಕೋಣೆಗೆ ಬೀಗ ಹಾಕಬಾರದು, ಹೊಡೆಯುವುದಂತೂ ಸಲ್ಲದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಸಂಕೋಲೆ ಬಿಗಿಯುವುದು ಮುಂತಾದ ಹಿಂಸೆಯನ್ನು ತಡೆಯಲೆಂದು ಕರ್ನಾಟಕವು 2017ರಲ್ಲಿಯೇ ವಾಮಾಚಾರ ಮತ್ತು ದುಷ್ಟ ಪದ್ಧತಿಗಳ ನಿರ್ಮೂಲನಾ ಕಾಯ್ದೆ ಮಾಡಿದೆ. 2020ರಿಂದ ಅದು ಜಾರಿಯಲ್ಲಿದೆ.

ಮಠಗಳಿಗೂ ಇಲ್ಲಿ ಒಂದು ಹೊಣೆಯಿದೆ. ಅಮವಾಸ್ಯೆಯ ದಿನ ಇಂಥ ಬಾಣಂತಿಯರನ್ನು ಕರೆತಂದು ವಿಭೂತಿ ಹಚ್ಚಿಸಿ ಕಾಯಿ ಕಟ್ಟಿಸುವ ಭಕ್ತರಿದ್ದಾರೆ. ಆಶೀರ್ವಾದ ಪಡೆಯುವುದರಿಂದ ಮನೆಯವರ ಎದೆಗೆ ಧೈರ್ಯ ಬರುತ್ತದೆ, ಅದು ಸಣ್ಣ ಸಹಾಯವಲ್ಲ. ಆದರೆ ಅಮವಾಸ್ಯೆ ಬರುವವರೆಗೆ ಕಾಯುವುದರಲ್ಲಿ ಹತ್ತು ದಿನ ಕಳೆದರೆ ಅದು ತುಂಬಲಾರದ ನಷ್ಟ. ಮೊದಲು ಆಸ್ಪತ್ರೆಗೆ ಹೋಗಲಿ, ಗುಣವಾದ ಮೇಲೆ ಕೂಸನ್ನೆತ್ತಿಕೊಂಡು ಗದ್ದುಗೆಗೆ ಬರಲಿ.

ಇನ್ನೊಂದು ಮಾತು ನಮ್ಮ ಪರಂಪರೆಗೇ ಸಂಬಂಧಿಸಿದ್ದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದರು. ಇಷ್ಟಲಿಂಗ ಧರಿಸಿದವಳಿಗೆ ಹೆರಿಗೆಯಿಂದ ಮೈಲಿಗೆ ತಗಲುವುದಿಲ್ಲ. ಆಕೆ ತನ್ನ ಲಿಂಗಪೂಜೆಯನ್ನು ಬಿಡಬೇಕಾಗಿಲ್ಲ. ಹೀಗಿದ್ದೂ ನೆರೆಹೊರೆಯನ್ನು ನೋಡಿ ನಮ್ಮ ಎಷ್ಟೋ ಮನೆಗಳು ಬಾಣಂತಿಯನ್ನು ಕತ್ತಲೆ ಕೋಣೆಯ ಮೂಲೆಯಲ್ಲಿ, ಮುಟ್ಟಿಸಿಕೊಳ್ಳದೆ ಇಡುತ್ತವೆ. ಸೋಂಕು ತಗಲದಿರಲೆಂದು ಹೊರಗಿನ ಜನರನ್ನು ದೂರವಿಡುವುದು ವಿವೇಕ. ಆದರೆ ಮೈಲಿಗೆಯೆಂದು ಒಬ್ಬಂಟಿಯಾಗಿ ಇಟ್ಟಾಗ ಆಕೆಯ ಮನಸ್ಸು ಮುರಿಯುತ್ತದೆ, ಮತ್ತು ರೋಗದ ಮೊದಲ ಲಕ್ಷಣಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ತವರಿನಲ್ಲಿ ಬಾಣಂತನ ಮಾಡುವ ರೂಢಿಯೊಳಗೆ ಒಂದು ತೊಡಕು ಅಡಗಿದೆ. ಅದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಅನೇಕ ಮನೆಗಳ ಸಂಗತಿಗಳನ್ನು ಕೂಡಿಸಿ ಹೇಳುವುದಾದರೆ ಅದು ಹೀಗೆ ನಡೆಯುತ್ತದೆ. ಚೊಚ್ಚಲ ಹೆರಿಗೆ. ಎಂಟನೆಯ ದಿನ ರೋಗ ಶುರುವಾಗುತ್ತದೆ. ಹಡೆದವರಿಗೆ ಮಗಳ ಚಿಂತೆ ಒಂದು ಕಡೆ, ಬೀಗರಿಗೆ ತಿಳಿದರೆ ಏನು ಗತಿ ಎಂಬ ಚಿಂತೆ ಇನ್ನೊಂದು ಕಡೆ. ಅಳಿಯ ಫೋನ್ ಮಾಡಿದರೆ “ಮಲಗ್ಯಾಳ” ಎನ್ನುತ್ತಾರೆ. ಧಾರವಾಡದ ಆಸ್ಪತ್ರೆ ಎಂದರೆ ಊರಿಗೆಲ್ಲ ಗೊತ್ತಾಗುತ್ತದೆಂದು ದೂರದ ಊರಿನ ಮಂತ್ರವಾದಿಯ ಬಳಿ ಹೋಗುತ್ತಾರೆ. ಹದಿನೆಂಟು ದಿನ ಕಳೆದು, ಆಕೆ ಅನ್ನ-ನೀರು ಬಿಟ್ಟ ಮೇಲೆ ಆಸ್ಪತ್ರೆ ಸೇರಿಸುತ್ತಾರೆ. ಮೂರು ವಾರಗಳಲ್ಲಿ ಗುಣವಾಗುತ್ತದೆ. ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಕಳುಹಿಸುವಾಗ ಗುಳಿಗೆಯ ಚೀಟಿ ಯಾರ ಕಣ್ಣಿಗಾದರೂ ಬಿದ್ದೀತೆಂದು ಗುಳಿಗೆಯನ್ನೇ ನಿಲ್ಲಿಸುತ್ತಾರೆ. ಎರಡು ತಿಂಗಳಲ್ಲಿ ರೋಗ ಮರಳುತ್ತದೆ, ಈ ಸಲ ಗಂಡನ ಮನೆಯಲ್ಲಿ. “ಹುಚ್ಚಿ ಹೆಣ್ಣು ಕೊಟ್ಟು ಮೋಸ ಮಾಡಿದ್ರಿ” ಎಂಬ ಮಾತು ಅಲ್ಲಿಂದ ಆರಂಭ. ಮುಚ್ಚಿಟ್ಟದ್ದರಿಂದ ಉಳಿಸಬೇಕೆಂದುಕೊಂಡ ಸಂಸಾರವೇ ಮುಚ್ಚಿಟ್ಟದ್ದರಿಂದ ಒಡೆಯುತ್ತದೆ.

ಅಳಿಯನಿಗೆ ಮೊದಲ ದಿನವೇ ತಿಳಿಸಬೇಕು, ಸಾಧ್ಯವಾದರೆ ಅವನನ್ನು ಕರೆದುಕೊಂಡೇ ವೈದ್ಯರ ಬಳಿ ಹೋಗಬೇಕು. ರೋಗವನ್ನು ಕಣ್ಣಾರೆ ಕಂಡು, ಗುಣವಾದದ್ದನ್ನೂ ಕಣ್ಣಾರೆ ಕಂಡ ಗಂಡ ಹೆಂಡತಿಯನ್ನು ಬಿಡುವುದು ವಿರಳ ಎಂಬುದು ನನ್ನ ಅನುಭವ. ಕಾನೂನಿನ ಹೆದರಿಕೆಯೂ ಬೇಡ. ಮನೋರೋಗವಿದೆ ಎಂದ ಮಾತ್ರಕ್ಕೆ ವಿಚ್ಛೇದನ ದೊರೆಯದು, ಕೂಡಿ ಬಾಳಲಾಗದಷ್ಟು ಅದರ ತೀವ್ರತೆ ಇದೆಯೇ ಎಂಬುದನ್ನು ಸಿದ್ಧಪಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿಯೇ ತೀರ್ಪು ನೀಡಿದೆ. ತಿಂಗಳೊಪ್ಪತ್ತಿನಲ್ಲಿ ಗುಣವಾಗುವ ಬಾಣಂತಿ ಸನ್ನಿ ಆ ಅಳತೆಗೆ ಹತ್ತಿರವೂ ಬರುವುದಿಲ್ಲ.

ಏಕೆಂದರೆ ಇದು ಗುಣವಾಗುವ ರೋಗ. ತೀವ್ರ ಮನೋರೋಗಗಳಲ್ಲಿ ಇಷ್ಟು ಚೆನ್ನಾಗಿ ಗುಣವಾಗುವವು ಕೆಲವೇ. ನಿದ್ರೆ ತರುವ ಔಷಧ, ಭ್ರಾಂತಿಯನ್ನು ಇಳಿಸುವ ಔಷಧ, ಕೆಲವರಿಗೆ ಲಿಥಿಯಂ ಇವು ಚಿಕಿತ್ಸೆಯ ಮುಖ್ಯ ಭಾಗ. ಹಾಲುಣಿಸುವಾಗ ಕೊಡಬಹುದಾದ ಔಷಧಗಳು ಹಲವು ಇವೆ. ಲಿಥಿಯಂ ಕೊಡಬೇಕಾದರೆ ಮಾತ್ರ ಹಾಲಿನ ವಿಚಾರವನ್ನು ವೈದ್ಯರೊಡನೆ ಸ್ಪಷ್ಟವಾಗಿ ಮಾತನಾಡಿಕೊಳ್ಳಬೇಕು. ವ್ಯಾಲ್‌ಪ್ರೋಯೇಟ್ ಎಂಬ ಔಷಧವನ್ನು ಮುಂದೆ ಗರ್ಭಿಣಿಯಾಗಬಹುದಾದ ಹೆಣ್ಣುಮಕ್ಕಳಿಗೆ ಕೊಡದಿರುವುದೇ ಒಳ್ಳೆಯದು, ಅದು ಗರ್ಭದ ಕೂಸಿಗೆ ಕೇಡು ಮಾಡುತ್ತದೆ. ಅನ್ನ-ನೀರು ಬಿಟ್ಟು ಕಲ್ಲಿನಂತಾದವರಿಗೆ, ಜೀವಕ್ಕೆ ಅಪಾಯವಿರುವವರಿಗೆ ವಿದ್ಯುತ್ ಚಿಕಿತ್ಸೆ ಬೇಗ ಫಲ ಕೊಡುತ್ತದೆ. ‘ಕರೆಂಟ್ ಕೊಡುವುದು’ ಎಂದರೆ ಜನ ನಡುಗುತ್ತಾರೆ. ಇಂದು ಅರಿವಳಿಕೆಯಿಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ರೋಗಿ ನಿದ್ರಿಸುತ್ತಿರುತ್ತಾಳೆ, ನೋವು ತಿಳಿಯುವುದಿಲ್ಲ.

ಅದೇ ಕಾಯ್ದೆಯಲ್ಲಿ ತಾಯಂದಿರಿಗೆ ಸಂಬಂಧಿಸಿದ ಇನ್ನೊಂದು ನಿಯಮವಿದೆ. ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದು. ಅಗಲಿಸಲೇಬೇಕಾದ ಅಪಾಯವಿದ್ದರೆ ಮಾತ್ರ, ಅದೂ ತಾತ್ಕಾಲಿಕವಾಗಿ. ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾದ ತಾಯಿ-ಮಗುವಿನ ಘಟಕವು ಈ ತತ್ತ್ವವನ್ನು ಕಾಯ್ದೆಗಿಂತ ಮೊದಲೇ ಆಚರಣೆಗೆ ತಂದಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಇಂಗ್ಲೆಂಡಿನ ಇಂಥ ಘಟಕಗಳಲ್ಲಿ ಕೂಸಿನ ಆರೈಕೆಗೆ ದಾದಿಯರಿದ್ದರೆ, ಇಲ್ಲಿ ಬಾಣಂತಿಯ ಜೊತೆಗೆ ಮನೆಯ ಹೆಣ್ಣುಮಗಳೊಬ್ಬಳು, ಹಡೆದವ್ವನೋ ಅತ್ತೆಯೋ, ಉಳಿದುಕೊಳ್ಳುತ್ತಾಳೆ. ನಮ್ಮ ಬಾಣಂತನದ ಒಳ್ಳೆಯ ಭಾಗವನ್ನು ಆಸ್ಪತ್ರೆಯೊಳಕ್ಕೆ ತಂದ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು.

ಬೆಂಗಳೂರಿನವರೆಗೆ ಹೋಗಬೇಕಾದ ಅಗತ್ಯ ಎಲ್ಲರಿಗೂ ಇಲ್ಲ. ಬೈರಿದೇವರಕೊಪ್ಪದ ನಿಲ್ದಾಣದಲ್ಲಿ ನಿಂತರೆ ಒಂದು ಕಡೆಯ ಚಿಗರಿ ಬಸ್ಸು ವಿದ್ಯಾನಗರದ ಕಿಮ್ಸ್ ಆಸ್ಪತ್ರೆಯ ಕಡೆಗೆ, ಇನ್ನೊಂದು ಕಡೆಯದು ಧಾರವಾಡಕ್ಕೆ ಹೋಗುತ್ತದೆ. ಜ್ವರ, ಸೆಟೆತ, ತೀವ್ರ ತಲೆನೋವು, ರಕ್ತಸ್ರಾವ ಇದ್ದರೆ ಪ್ರಸೂತಿ ಮತ್ತು ಮನೋರೋಗ ವಿಭಾಗಗಳೆರಡೂ ಇರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಅಂಥ ಸ್ಥಿತಿಯಲ್ಲಿ ಬಸ್ಸು ಬೇಡ, 108ಕ್ಕೆ ಕರೆ ಮಾಡಿರಿ. ಧಾರವಾಡದ ಡಿಮ್ಹಾನ್ಸ್ 1845ರಲ್ಲಿ ಆರಂಭವಾದ ಆಸ್ಪತ್ರೆಯ ಇಂದಿನ ರೂಪ. ಅವಳಿನಗರದಲ್ಲಿ “ಧಾರವಾಡಕ್ಕೆ ಕಳಸಬೇಕು ಇವನ್ನ” ಎಂಬ ಕುಚೋದ್ಯದ ಮಾತು ಇನ್ನೂ ಕೇಳಿಬರುತ್ತದೆ. ಆ ಕುಚೋದ್ಯಕ್ಕೆ ಬೆಲೆ ತೆರುವವಳು ಇಂಥ ಬಾಣಂತಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಚಿಕಿತ್ಸಾಲಯಗಳು ಗುಣವಾದ ಮೇಲಿನ ತಪಾಸಣೆಗೆ ಅನುಕೂಲ. ಏನು ಮಾಡಬೇಕೆಂದು ತೋಚದಿದ್ದಾಗ 14416 ಸಂಖ್ಯೆಗೆ ಕರೆ ಮಾಡಿದರೆ ‘ಟೆಲಿ ಮನಸ್’ ಸೇವೆಯವರು ಹಗಲು ರಾತ್ರಿ, ಕನ್ನಡದಲ್ಲಿಯೇ, ಹಣವಿಲ್ಲದೆ ಸಲಹೆ ಕೊಡುತ್ತಾರೆ. ಕರೆ ಮಾಡಿದವರ ಹೆಸರು ಊರಿಗೆ ತಿಳಿಯುವುದಿಲ್ಲ.

ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡುತ್ತಾಳೆ. ಆಕೆ ಮುಖ್ಯವಾಗಿ ನೋಡುವುದು ಕೂಸಿನ ತೂಕ, ಹೊಕ್ಕುಳು, ತಾಯಿಯ ಜ್ವರ. ನಿದ್ರೆಯ ವಿಷಯವನ್ನು ಮನೆಯವರೇ ಎತ್ತಿ ಹೇಳಬೇಕು. ಏಳನೆಯ ಮತ್ತು ಹದಿನಾಲ್ಕನೆಯ ದಿನದ ಭೇಟಿಗಳು ರೋಗ ಹೊರಬೀಳುವ ಕಾಲಕ್ಕೆ ಸರಿಯಾಗಿ ಬರುತ್ತವೆ.

ಒಮ್ಮೆ ಈ ರೋಗ ಬಂದವಳಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಇದೆ. ಅದಕ್ಕಾಗಿ ಎರಡನೆಯ ಮಗು ಬೇಡವೆನ್ನುವ ಅಗತ್ಯವಿಲ್ಲ. ಗರ್ಭ ನಿಲ್ಲುವ ಮೊದಲೇ ಮನೋವೈದ್ಯರನ್ನು ಕಂಡು, ಹಿಂದಿನ ರೋಗದ ವಿಷಯವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಹೆರಿಗೆಯಾದ ದಿನದಿಂದಲೇ ಔಷಧ ಆರಂಭಿಸಬೇಕೋ ಹೇಗೆ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಮೊದಲ ಎರಡು ವಾರ ರಾತ್ರಿ ಕೂಸನ್ನು ನೋಡುವವರು ಯಾರು ಎಂಬುದನ್ನು ಗಂಡನ ಮನೆಯವರೂ ತವರಿನವರೂ ಕುಬಸದ ದಿನವೇ ಕುಳಿತು ಮಾತನಾಡಿ ನಿಶ್ಚಯಿಸಿಕೊಂಡರೆ ಅನುಕೂಲ.